ಬಂಕರ್‌ಗೆ ಹೊಸ ಮರಳು ತುಂಬಿಸಿದರೆ ಸಾಕೇ?

ಪ್ರಶ್ನೆ: ನಮ್ಮ ಕ್ಲಬ್ಬಿನ ಗಾಲ್ಫ್ ಮೈದಾನದಲ್ಲಿ ಆಟಕ್ಕೆ ತೊಡಕಾಗಲೆಂದು ತೋಡಿರುವ ಮರಳುಗುಂಡಿಗಳಾದ ಬಂಕರ್‌ಗಳಲ್ಲಿ ಪ್ರತಿ ಮಳೆಗಾಲದಲ್ಲೂ ನೀರು ನಿಲ್ಲುತ್ತದೆ, ಒಣಗಿದ ಮೇಲೆ ಮರಳು ಕೆಂಪಗಾಗಿ ಗಟ್ಟಿಯಾಗುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸ ಮರಳು ತುಂಬಿಸಿದರೂ ಪ್ರಯೋಜನವಾಗಿಲ್ಲ. ಈ ಬಾರಿ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸುವ ಮರಳು) ಬಳಸಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ದೋಷವಿರುವುದು ಮರಳಿನಲ್ಲಲ್ಲ, ಅದರ ಕೆಳಗೂ ಸುತ್ತಲೂ ಇರುವ ಮಣ್ಣಿನಲ್ಲಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಂಥ ಕಡಲತೀರದ ಮೈದಾನಗಳಲ್ಲಿ ಬಂಕರ್‌ನ ಅಡಿಯಲ್ಲಿಯೂ ಮರಳೇ ಇರುವುದರಿಂದ ಮಳೆನೀರು ತಾನಾಗಿ ಇಂಗುತ್ತದೆ. ನಮ್ಮ ಕೆಂಪು ಜೇಡಿನೆಲದಲ್ಲಿ ತೋಡಿದ ಬಂಕರಾದರೋ ಬೋಗುಣಿಯಂತೆ ನೀರನ್ನು ಹಿಡಿದಿಡುತ್ತದೆ. ಇಳಿಜಾರಿನಿಂದ ಹರಿದುಬರುವ ನೀರು ಅಂಚಿನ ಮಣ್ಣನ್ನು ಕೊಚ್ಚಿ ತಂದು ಮರಳಿನ ಕಣಗಳ ನಡುವಿನ ಸಂದುಗಳನ್ನು ಮುಚ್ಚುವುದರಿಂದ, ಅದರ ಮೇಲೆ ಎಷ್ಟು ಒಳ್ಳೆಯ ಮರಳು ಸುರಿದರೂ ಅದು ಬೇಗನೆ ಹಳೆಯದರಂತೆಯೇ ಆಗುತ್ತದೆ. ಅನುಮಾನವಿದ್ದರೆ ಬಂಕರ್‌ನ ಮರಳನ್ನು ಗಾಜಿನ ಬಾಟಲಿಯ ನೀರಿನಲ್ಲಿ ಕುಲುಕಿ ನೋಡಿ. ಬಹಳ ಹೊತ್ತು ರಾಡಿಯಾಗಿಯೇ ಉಳಿದರೆ ಆ ಮರಳಿಗೆ ಕಾಲ ಮುಗಿದಿದೆ.

ಅಗೆಯುವ ಮುನ್ನ ಹಳೆಯ ಬಸಿಗೊಳವೆಯ ಹೊರಬಾಯಿಯನ್ನು ಹುಡುಕಿಸಿರಿ. ಅನೇಕ ಕಡೆ ಅದು ಹುಲ್ಲಿನಡಿ ಮುಚ್ಚಿಹೋಗಿರುತ್ತದೆ. ಅದನ್ನು ತೆರೆದ ಮಾತ್ರಕ್ಕೆ ಅರ್ಧ ಕೆಲಸ ಮುಗಿಯುವುದುಂಟು! ಹೊರಗಿನ ನೀರು ಒಳಬಾರದಂತೆ ಬಂಕರ್‌ನ ಮೇಲಂಚನ್ನು ತುಸು ಎತ್ತರಿಸಿ, ಅದರ ಹಿಂದೆ ಆಳವಿಲ್ಲದ ಕಾಲುವೆ ತೆಗೆಯುವುದು ಕಡಿಮೆ ಖರ್ಚಿನ ಕೆಲಸವಾದರೂ ಹೆಚ್ಚು ಫಲ ಕೊಡುತ್ತದೆ. ಆನಂತರ ಹಳೆಯ ಮರಳನ್ನೆಲ್ಲ ತೆಗೆದು, ರಂಧ್ರಗಳುಳ್ಳ 4 ಇಂಚಿನ ಪೈಪನ್ನು 100 ಅಡಿಗೆ ಕನಿಷ್ಠ 1 ಅಡಿ ಇಳಿಜಾರು ಇರುವಂತೆ ಜಲ್ಲಿಯ ನಡುವೆ ಹಾಸಬೇಕು. ಮಣ್ಣು ಮೇಲೇರದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸುವುದು ಅಗ್ಗವಾದರೂ ಗಾಲ್ಫ್ ಕೋಲಿನ ಏಟಿಗೆ, ಕುಂಟೆಯ ಹಲ್ಲಿಗೆ ಸಿಕ್ಕಿ ಅದು ಹರಿಯುತ್ತದೆ. ಹಣವಿದ್ದರೆ ಪಾಲಿಮರ್‌ನಿಂದ ಬಿಗಿದ ತೆಳು ಜಲ್ಲಿಪದರವೇ ಮೇಲು.

ಎಂ-ಸ್ಯಾಂಡ್‌ನ ಕಣಗಳು ಕೋನಯುಕ್ತವಾಗಿರುವುದರಿಂದ ಚೆಂಡು ಅದರಲ್ಲಿ ಸುಲಭವಾಗಿ ಹೂತುಹೋಗುವುದಿಲ್ಲ. ಇದು ಅದರ ಗುಣ. ಆದರೆ ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡನ್ನು ನೇರವಾಗಿ ತಂದು ಹಾಕಬೇಡಿ. ಅದರಲ್ಲಿರುವ ಕಲ್ಲಿನ ಪುಡಿ ನೆನೆದು ಒಣಗಿದಾಗ ಗಟ್ಟಿಕಟ್ಟುತ್ತದೆ, ಮತ್ತು 4.75 ಮಿ.ಮೀ.ವರೆಗಿನ ದಪ್ಪ ಕಣಗಳು ಹೊಡೆತಕ್ಕೆ ಗ್ರೀನ್ (ಗುರಿಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು) ಮೇಲೆ ಹಾರಿ ಹುಲ್ಲು ಕತ್ತರಿಸುವ ಯಂತ್ರದ ಅಲಗನ್ನು ಕೆಡಿಸುತ್ತವೆ. ಹೆಚ್ಚಿನ ಕಣಗಳು 0.25ರಿಂದ 1 ಮಿ.ಮೀ. ಗಾತ್ರದಲ್ಲಿರುವಂತೆ ತೊಳೆದು ಜರಡಿ ಹಿಡಿದ ಮರಳನ್ನೇ ಕೇಳಿ, ಮಾದರಿಯನ್ನು ಪರೀಕ್ಷಿಸಿದ ನಂತರ ಕೊಳ್ಳಿರಿ. ತಳದಲ್ಲಿ 4ರಿಂದ 6 ಇಂಚು, ಇಳಿಜಾರಿನ ಮೈಯಲ್ಲಿ 2ರಿಂದ 3 ಇಂಚು ದಪ್ಪ ಸಾಕು. ಹೊಸ ಮರಳು ನೀರುಣಿಸಿದ ಮೇಲೂ ಕೆಲವು ವಾರ ಮೆತ್ತಗಿರುವುದು ಸಹಜ, ಸದಸ್ಯರ ದೂರಿಗೆ ಹೆದರಬೇಡಿ.

ಮೇ ತಿಂಗಳ ಮಳೆಗೆ ಮುನ್ನ ಮುಗಿಯುವಂತೆ ಜನವರಿಯಲ್ಲಿಯೇ ಕೆಲಸ ಆರಂಭಿಸುವುದು ಸೂಕ್ತ. ಎಲ್ಲಕ್ಕೂ ಹಣ ಸಾಲದಿದ್ದರೆ, ಆಟಕ್ಕೆ ಅಡ್ಡವೇ ಬಾರದ ಬಂಕರ್‌ಗಳನ್ನು ಗುರುತಿಸಿ ಮಣ್ಣು ತುಂಬಿ ಹುಲ್ಲು ಹಾಸಿಬಿಡಿ.