ಪಿಕಪ್ ತಿರುಗಿಸಿದಾಗ ‘ಕಟಕ್’ ಅನ್ನುತ್ತಾ? ಹಿಂದಕ್ಕೂ ಒಮ್ಮೆ ಬಗ್ಗಿ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಟೂ ವೀಲ್ ಡ್ರೈವ್ ಪಿಕಪ್, 1 ಲಕ್ಷ ಕಿಲೋಮೀಟರ್ ದಾಟಿದೆ, ತಿರುವಿನಲ್ಲಿ ಕಾಲಡಿ ‘ಕಟಕ್’ ಅಂತ ಸದ್ದು. ಗ್ಯಾರೇಜಿನವರು ಮುಂದಿನ ಸಿವಿ ಜಾಯಿಂಟ್ (ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ತುದಿಯ ಕೀಲು) ಹೋಗಿದೆ ಅಂದಿದ್ದಾರೆ. ಹಾಕಿಸಬೇಕಾ?

ಬೇಡ. ನಿಮ್ಮ ಗಾಡಿಯನ್ನು ನೂಕುವುದು ಹಿಂದಿನ ಚಕ್ರ. ಮುಂದಿನವು ಸುಮ್ನೆ ಉರುಳುತ್ತವೆ. ಅಲ್ಲಿಗೆ ಡ್ರೈವ್ ಶಾಫ್ಟೇ ಹೋಗಿಲ್ಲ, ಇನ್ನು ಸಿವಿ ಜಾಯಿಂಟ್ ಎಲ್ಲಿಂದ ಬರಬೇಕು? ಮುಂದಿನ ಚಕ್ರ ಎಳೆಯುವ ಕಾರುಗಳನ್ನು ದಿನವೂ ಬಿಚ್ಚುವವರ ಬಾಯಲ್ಲಿ ಅದೇ ಮೊದಲು ಬರುತ್ತದೆ, ಅಷ್ಟೇ. ಅದರ ಸದ್ದೂ ಬೇರೆ. ಚಕ್ರ ಸುತ್ತಿದ ಹಾಗೆಲ್ಲ ಟಕ್ ಟಕ್ ಟಕ್ ಅನ್ನುತ್ತಲೇ ಇರುತ್ತದೆ. ನಿಮ್ಮದು ಒಂದು ತಿರುವಿಗೆ ಒಂದು ಸಲ ಬಡಿದು ಸುಮ್ಮನಾಗುತ್ತದೆ ಅಂತ ಬರೆದಿದ್ದೀರಿ. ಅಂದ್ರೆ ಎಲ್ಲೋ ಪ್ಲೇ, ಅಂದರೆ ಸಡಿಲ, ಇದೆ. ಭಾರ ಒಂದು ಬದಿಗೆ ವಾಲಿದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದೆ.

ಎರಡು ವರ್ಷದ ಹಿಂದೆ ನನ್ನ ಗಾಡಿಯದೂ ಇದೇ ಕತೆ. ಹಾಸನದಿಂದ ಆಲೂಗಡ್ಡೆ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವಾಗ ಪ್ರತಿ ತಿರುವಿಗೂ ‘ಕಟಕ್’. ಸ್ಟೀರಿಂಗ್ ಕೆಳಗೇ ಬಡಿದ ಹಾಗೆ. ಎರಡೂ ಕಡೆ ಟೈ ರಾಡ್ ಎಂಡ್ (ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿ) ಹಾಕಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ. 2,800 ರೂಪಾಯಿ ಹೋಯಿತು, ಸದ್ದು ಹೋಗಲಿಲ್ಲ.

ಆಮೇಲೆ ಮಾಡಿದ್ದನ್ನು ನೀವು ಮೊದಲೇ ಮಾಡಿ. ಸೀಟಿನ ಕೆಳಗಿನ ಜಾಕ್, ವೀಲ್ ಸ್ಪ್ಯಾನರ್, ಸ್ಟೆಪ್ನಿ ಎಲ್ಲ ಬಿಗಿಯಾಗಿವೆಯಾ ನೋಡಿ. ನಗಬೇಡಿ, ನನ್ನ ಭಾವನ ಗಾಡಿಯಲ್ಲಿ ಅರ್ಧ ದಿನ ಹುಡುಕಿದ ‘ಕಟಕ್’ ಕೊನೆಗೆ ಜಾಕಿನದು. ನಾಲ್ಕೂ ಚಕ್ರದ ನಟ್‌ಗಳಿಗೂ ಸ್ಪ್ಯಾನರ್ ಹಾಕಿ ನೋಡಿ.

ಇನ್ನು ಗಾಡಿಯನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ, ಒಬ್ಬರು ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ನಿಧಾನಕ್ಕೆ ತಿರುಗಿಸಲಿ. ಹೀಗೆ ನಿಂತಾಗಲೇ ಸದ್ದು ಬಂದರೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್ (ಮುಂದಿನ ಚಕ್ರವನ್ನು ಸಸ್ಪೆನ್ಷನ್ ಆರ್ಮ್‌ಗೆ ಹಿಡಿದಿಡುವ ಗುಂಡು ಕೀಲು), ಸ್ಟೀರಿಂಗ್ ಕಾಲಂನ ಜಾಯಿಂಟ್, ಸ್ಟೀರಿಂಗ್ ಬಾಕ್ಸಿನ ಬೋಲ್ಟ್, ಇವುಗಳ ಮೇಲೆ ಅನುಮಾನ. ಓಡುವಾಗ ಮಾತ್ರ ಬಂದರೆ ಖಾಲಿ ಮೈದಾನದಲ್ಲಿ ನಡಿಗೆ ವೇಗದಲ್ಲಿ ಎಂಟರ ಆಕಾರದಲ್ಲಿ ಸುತ್ತಿ. ಇನ್ನೊಬ್ಬರು ಒಂದಷ್ಟು ದೂರದಲ್ಲಿ ಪಕ್ಕಕ್ಕೇ ನಡೆಯಲಿ. ನಮ್ಮ ಕ್ಲೀನರ್ ಹುಡುಗ ಎರಡೇ ಸುತ್ತಿಗೆ ಕೈ ಎತ್ತಿದ. “ಅಣ್ಣಾ, ಮುಂದೆ ಅಲ್ಲ. ಹಿಂದೆ, ಎಡಗಡೆ.”

ನಾನು ನಂಬಲಿಲ್ಲ. ಬಗ್ಗಿ ಟಾರ್ಚ್ ಬಿಟ್ಟು ನೋಡಿದರೆ ಹಿಂದಿನ ಕಮಾನು ಪ್ಲೇಟುಗಳನ್ನು ಆಕ್ಸಲ್‌ಗೆ ಕಟ್ಟಿರುವ ಯು ಬೋಲ್ಟಿನ ಸುತ್ತ ಅರಿಶಿನ-ಕುಂಕುಮ ಕಲಸಿದಂಥ ತುಕ್ಕಿನ ಪುಡಿ. ಪಕ್ಕದಲ್ಲೇ ಬೆರಳಗಲ ಜಾಗ ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ಗಾಡಿಯ ಅಡಿಯೆಲ್ಲ ಕೆಸರು, ಅಷ್ಟು ಜಾಗ ಮಾತ್ರ ಫಳಫಳ. ಉಜ್ಜಾಡದೆ ಕಬ್ಬಿಣ ಹಾಗೆ ಹೊಳೆಯಲ್ಲ. ಅದಕ್ಕೂ ಮೂರು ತಿಂಗಳ ಹಿಂದೆ ಪ್ಲೇಟ್ ಕಟ್ ಆಗಿ ಬದಲಾಯಿಸಿದಾಗ ಹಳೇ ಯು ಬೋಲ್ಟನ್ನೇ ಹಾಕಿದ್ದರು, ಆಮೇಲೆ ಯಾರೂ ಮತ್ತೆ ಬಿಗಿ ಮಾಡಿರಲಿಲ್ಲ. ತಿರುವಿನಲ್ಲಿ ಆಕ್ಸಲ್ ಕೂದಲೆಳೆಯಷ್ಟು ಜರುಗಿ ಬಡಿಯುತ್ತಿತ್ತು. ಆ ಸದ್ದು ಚಾಸಿ ಹಿಡಿದುಕೊಂಡು ಮುಂದಕ್ಕೆ ಬಂದು ನನ್ನ ಕಾಲಡಿ ಕೇಳುತ್ತಿತ್ತು.

ಟೇಪು ಹಿಡಿದು ಕಮಾನಿನ ಮುಂದಿನ ಕಣ್ಣಿನ ಬೋಲ್ಟಿನಿಂದ ಆಕ್ಸಲ್‌ವರೆಗೆ ಎರಡೂ ಕಡೆ ಅಳೆದೆ. ಎಡಕ್ಕೆ 6 ಮಿಲಿಮೀಟರ್ ಜಾಸ್ತಿ. ಎರಡೂ ಬದಿ ಸಮ ಇರಬೇಕು. ಇಲ್ಲದಿದ್ದರೆ ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟ್ ಮುರಿದಿರಬಹುದು. ನನ್ನದು ಮುರಿದೇ ಇತ್ತು. ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್, ಕೂಲಿ ಎಲ್ಲ ಸೇರಿ 1,900 ರೂಪಾಯಿ. ಒಮ್ಮೆ ಎಳೆದು ಬಿಗಿದ ಯು ಬೋಲ್ಟನ್ನು ಮತ್ತೆ ಹಾಕಿಸಬೇಡಿ. ಚಕ್ರ ನೆಲದ ಮೇಲಿದ್ದು ಕಮಾನಿನ ಮೇಲೆ ಭಾರ ಕೂತಿರುವಾಗ ನಾಲ್ಕು ನಟ್‌ಗಳನ್ನೂ ಅಡ್ಡಡ್ಡಕ್ಕೆ, ಸ್ವಲ್ಪ ಸ್ವಲ್ಪವಾಗಿ ಬಿಗಿಸಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ.

ನಿಮ್ಮದೂ ಇದೇ ಅಂತ ನಾನು ಹೇಳ್ತಿಲ್ಲ. ಕಮಾನಿನ ಕಣ್ಣಿನೊಳಗಿನ ಬುಷ್, ಕಮಾನಿನ ತುದಿಯನ್ನು ಚಾಸಿಗೆ ಹಿಡಿಯುವ ಶ್ಯಾಕಲ್ ಪಿನ್ ಸವೆದರೂ ಇದೇ ರೀತಿ ಬಡಿಯುತ್ತದೆ. ಆದರೆ ಮುಂದಿನ ಬಾಲ್ ಜಾಯಿಂಟನ್ನು ಮಾತ್ರ ನೋಡದೆ ಬಿಡಬೇಡಿ. ಅದು ಕಳಚಿದರೆ ಓಡುವಾಗಲೇ ಚಕ್ರ ಮಡಚಿಕೊಳ್ಳುತ್ತದೆ. ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲು ಒಡ್ಡಿ. ಬರೀ ಜಾಕ್ ನಂಬಿ ಅಡಿಗೆ ಹೋಗಲೇಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಆಗ ಅಲ್ಲಾಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಸಸ್ಪೆನ್ಷನ್ ಆರ್ಮ್ ಕೆಳಗೆ ಜಾಕ್ ಕೊಟ್ಟು, ಟೈರಿನ ಅಡಿಗೆ ಹಾರೆ ಹಾಕಿ ಮೀಟಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎಡ ಬಲ ಹಿಡಿದಾಗ ಅಲ್ಲಾಡಿದರೆ ಮೊದಲು ಟೈ ರಾಡ್ ಕಡೆ ನೋಡಿ. ಬಾಲ್ ಜಾಯಿಂಟ್ ಅಂತ ಖಾತ್ರಿಯಾದರೆ ಗಾಡಿ ಅಲ್ಲೇ ನಿಲ್ಲಲಿ, ಲೋಡು ಬೇರೆ ಗಾಡಿಗೆ ಹೋಗಲಿ.

ಸದ್ದು ಖಾಲಿ ಗಾಡಿಯಲ್ಲೂ ಬರುತ್ತಾ, ಲೋಡ್ ಇದ್ದಾಗ ಮಾತ್ರವಾ? ಇತ್ತೀಚೆಗೆ ಪ್ಲೇಟ್ ಕೆಲಸ ಏನಾದರೂ ಮಾಡಿಸಿದ್ರಾ? ಎರಡನ್ನೂ ಬರೆಯಿರಿ, ನೋಡೋಣ.