ಗೇರ್ ಇಳಿಸಿದರೆ ಹಿಂದಿನ ಚಕ್ರ ಯಾಕೆ ಜಾರುತ್ತದೆ?

ಪ್ರಶ್ನೆ: ವೇಗದಲ್ಲಿದ್ದಾಗ ಗೇರ್ ಇಳಿಸಿದರೆ ಬೈಕ್ ಜರ್ಕ್ ಹೊಡೆಯುತ್ತದೆ. ಮೊನ್ನೆ ಹಿಂದಿನ ಚಕ್ರವೇ ಜಾರಿತು. ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಬೇಕು ಅಂತಾನೆ. ಬಿಚ್ಚಿಸಲಾ?

ಬೇಡ. ಇದೇ ಪ್ರಶ್ನೆಗೆ ಬರೆದು ಬರೆದು ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ. ಬೈಕ್ ಓಡಿಸಿಯೂ ನೋಡದೆ ಗೇರ್‌ಬಾಕ್ಸಿಗೆ ಕೈ ಹಾಕುವ ಮೆಕ್ಯಾನಿಕ್ಕನ್ನು ಮೊದಲು ಬಿಡಿ. ಗೇರ್ ಸರಿಯಾಗಿ ಬೀಳುತ್ತಿದೆ, ಬಿದ್ದ ಗೇರ್ ತಾನಾಗಿ ಕಳಚಿಕೊಳ್ಳುತ್ತಿಲ್ಲ ಅಂದರೆ ತಪ್ಪು ಬಹುತೇಕ ನಿಮ್ಮ ಎಡಗೈಯದು.

ನಡೆಯುವುದು ಇಷ್ಟೇ. ಅದೇ ವೇಗದಲ್ಲಿ ಒಂದು ಗೇರ್ ಕೆಳಗೆ ಬಂದರೆ ಎಂಜಿನ್ ಇನ್ನೂ ಜೋರಾಗಿ ತಿರುಗಬೇಕು. ನಾಲ್ಕರಲ್ಲಿ 4000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಇದ್ದದ್ದು ಮೂರಕ್ಕೆ ಬಂದರೆ ಸುಮಾರು 5000 ಆಗುತ್ತದೆ, ಎರಡಕ್ಕೆ ಬಂದರೆ ಇನ್ನೂ ಜಾಸ್ತಿ. ಆದರೆ ನೀವು ಆಕ್ಸಿಲರೇಟರ್ ಮುಚ್ಚಿ ಕ್ಲಚ್ ಹಿಡಿದಾಗಲೇ ಎಂಜಿನ್ ವೇಗ ಬಿದ್ದಿರುತ್ತದೆ. ಆಗ ಕ್ಲಚ್ ಪಟ್ಟನೆ ಬಿಟ್ಟರೆ ಎಂಜಿನ್ನನ್ನು ಮೇಲಕ್ಕೆಳೆಯುವ ಕೆಲಸ ಹಿಂದಿನ ಚಕ್ರದ ತಲೆಗೆ ಬರುತ್ತದೆ, ಅದೂ ಬ್ರೇಕಿನಿಂದ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಟೈರಿಗೆ ಹಿಡಿತ ಕಡಿಮೆಯಾಗಿರುವ ಹೊತ್ತಿನಲ್ಲಿ. ಜಾರದೆ ಇನ್ನೇನು ಮಾಡೀತು?

ಮೊದಲು ಬ್ರೇಕ್ ಹಿಡಿದು ವೇಗ ತಗ್ಗಿಸಿ. ಆಮೇಲೆ ಗೇರ್, ಅದೂ ಒಂದೊಂದೇ. ಕ್ಲಚ್ ಹಿಡಿದಿರುವಾಗ ಆಕ್ಸಿಲರೇಟರ್ ಒಂಚೂರು ತಿರುಗಿಸಿ, ಗೇರ್ ಇಳಿಸಿ, ಕ್ಲಚ್ಚನ್ನು ಮೆಲ್ಲಗೆ ಬಿಡಿ. ಕೆಲವರು ಕ್ಲಚ್ ಹಿಡಿದೇ ಟಕ ಟಕ ಅಂತ ನಾಲ್ಕರಿಂದ ಒಂದಕ್ಕೆ ಬಂದು, ಬೈಕ್ ಇನ್ನೂ ಓಡುತ್ತಿರುವಾಗಲೇ ಕೈ ಬಿಡುತ್ತಾರೆ. ಅಂಥವರಿಗೆ ಏನು ಹೇಳಬೇಕೋ ತಿಳಿಯದು. ಸ್ಲಿಪ್ಪರ್ ಕ್ಲಚ್ (ಇಂಥ ಹೊತ್ತಿನಲ್ಲಿ ತಾನೇ ಸ್ವಲ್ಪ ಜಾರಿಕೊಡುವ ಕ್ಲಚ್) ಇದೆ ಅಂತ ಧೈರ್ಯ ಬೇಡ, ಅದು ಒದೆತವನ್ನು ಕಡಿಮೆ ಮಾಡುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ಬರೀ ಗೇರ್ ಇಳಿಸಿ ವೇಗ ತಗ್ಗಿಸಿದರೆ ಹಿಂದಿನ ಕೆಂಪು ದೀಪವೂ ಸಾಮಾನ್ಯವಾಗಿ ಹತ್ತುವುದಿಲ್ಲ, ಹಿಂದೆ ಬರುವವನಿಗೆ ಹೇಗೆ ಗೊತ್ತಾಗಬೇಕು? ಬ್ರೇಕ್ ಲಿವರನ್ನು ಸ್ವಲ್ಪ ಒತ್ತಿಯಾದರೂ ದೀಪ ಹತ್ತಿಸಿ. ತಿರುವಿಗೆ ಬೇಕಾದ ಗೇರ್ ತಿರುವಿಗೆ ಮೊದಲೇ ಬಿದ್ದಿರಲಿ. ಬೈಕ್ ವಾಲಿರುವಾಗ ನಾನಂತೂ ಗೇರ್ ಇಳಿಸುವುದೇ ಇಲ್ಲ, ಬೇಕಾದರೆ ಪುಕ್ಕಲು ಅನ್ನಿ. ರಸ್ತೆ ಒದ್ದೆ ಇದ್ದರೆ ಎಲ್ಲವನ್ನೂ ಇನ್ನಷ್ಟು ಬೇಗ ಶುರು ಮಾಡುತ್ತೇನೆ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದಂತೆ?

ಯಾರು ಹೇಳಿದ್ದು? ಫ್ಯೂಯಲ್ ಇಂಜೆಕ್ಷನ್ ಇರುವ ಬೈಕು ಗೇರಿನಲ್ಲೇ ಆಕ್ಸಿಲರೇಟರ್ ಮುಚ್ಚಿ ಇಳಿಯುವಾಗ ಸಾಮಾನ್ಯವಾಗಿ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು. ಮೇಲಾಗಿ ಎಂಜಿನ್ ತಡೆಯಿಲ್ಲದೆ ಬ್ರೇಕ್ ಕಾದು ಕೈಕೊಟ್ಟರೆ ಉಳಿಸಿದ ಪೆಟ್ರೋಲ್ ಯಾರಿಗೆ?

ಪ್ರಶ್ನೆ: ಕಾರಿನ ಎಣ್ಣೆ ಹಾಕಿದ ಮೇಲೆ ಕ್ಲಚ್ ಜಾರುತ್ತಿದೆ.

ಹೆಚ್ಚಿನ ಬೈಕುಗಳ ಕ್ಲಚ್ ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿನ ಎಣ್ಣೆ ಅದಕ್ಕೆ ಹೊಂದದೆ ಹೋಗಬಹುದು. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಇಂಥ ಕ್ಲಚ್ಚಿಗೆ ಹೊಂದುವ ಎಣ್ಣೆಯ ಗುರುತು) ಅಂತ ಇರುವುದನ್ನೇ ಹಾಕಿಸಿ.

ಪ್ರಶ್ನೆ: ನಿಂತಲ್ಲಿ ಒಂದನೇ ಗೇರ್ ಹಾಕಿದರೆ ಟಕ್ ಅನ್ನುತ್ತದೆ.

ಅನ್ನಲಿ ಬಿಡಿ.