ಸೆಕೆಂಡ್ ಹ್ಯಾಂಡ್ ಗೇಮ್ ಕೊಂಡೆ, ಅರ್ಧ ಆಟವೇ ಇಲ್ಲ!

ಪ್ರಶ್ನೆ: ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬನಿಂದ ಮಗನಿಗೆ ಪಿಎಸ್5 (ಸೋನಿ ಕಂಪನಿಯ ಗೇಮ್ ಯಂತ್ರ) ಗೇಮ್ ಡಿಸ್ಕ್ ತೆಗೆದುಕೊಂಡೆ. ಆಟ ಓಡುತ್ತದೆ. ಆದರೆ ಆಟದ ಉಳಿದ ಭಾಗಕ್ಕೆಂದು ಡಬ್ಬಿಯಲ್ಲಿದ್ದ ಚೀಟಿಯ ಕೋಡ್ ಹಾಕಿದರೆ ‘ಈಗಾಗಲೇ ಬಳಸಲಾಗಿದೆ’ ಅಂತ ಬರುತ್ತದೆ. ಅವನು ಮೋಸ ಮಾಡಿದನಾ? ಇನ್ನು ಮುಂದೆ ಹಳೇ ಗೇಮ್ ಕೊಳ್ಳಬಹುದಾ?
– ಓದುಗರೊಬ್ಬರು, ಉಡುಪಿ

ಉತ್ತರ: ಕೋಡ್ ನಡೆಯುತ್ತದೆ ಅಂತ ಹೇಳಿ ಮಾರಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಸುಮ್ನೆ ಹುಡುಗನ ಮೇಲೆ ಸಿಟ್ಟಾಗಬೇಡಿ. ಆ ಕೋಡ್ ಒಂದೇ ಸಲಕ್ಕೆ. ಮೊದಲು ಹಾಕಿದವರ ಅಕೌಂಟಿಗೆ ಸೇರಿಬಿಡುತ್ತದೆ. ಡಿಸ್ಕ್ ಕೈ ಬದಲಾದರೂ ಅದು ಅಲ್ಲೇ ಇರುತ್ತದೆ. ಹೀಗೆ ಮಾಡಿಟ್ಟವರು ಗೇಮ್ ಕಂಪನಿಯವರು.

ಇದು ಹಳೇ ಜಗಳ. 2010ರಲ್ಲಿ ಗೇಮ್ ತಯಾರಿಸುವ ಇಎ ಕಂಪನಿ ‘ಆನ್‌ಲೈನ್ ಪಾಸ್’ ತಂದಿತು. ಹಳೇ ಡಿಸ್ಕ್ ಕೊಂಡವರು ಆನ್‌ಲೈನಿನಲ್ಲಿ ಆಡಬೇಕೆಂದರೆ 10 ಡಾಲರ್ ಬೇರೆ ಕಟ್ಟಬೇಕು. ಜನ ಬೈದರು, 2013ರಲ್ಲಿ ಅದನ್ನು ಕೈಬಿಟ್ಟರು. ಅದೇ ವರ್ಷ ತನ್ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್‌ಗೂ ಹಳೇ ಗೇಮ್ ಮಾರುವ ಬಗ್ಗೆ ಕಟ್ಟುಪಾಡು ಹಾಕಲು ಮೈಕ್ರೋಸಾಫ್ಟ್ ಹೊರಟಿತ್ತು. ಯಂತ್ರ ಅಂಗಡಿಗೆ ಬರುವ ಮೊದಲೇ ಹಿಂದೆ ಸರಿಯಿತು. ಗೆದ್ದೆವು ಅಂದುಕೊಂಡೆವು. ಆಮೇಲೆ ಡಿಸ್ಕ್ ಹಾಕುವ ಜಾಗವೇ ಇಲ್ಲದ ಯಂತ್ರಗಳು ಬಂದವು. ಅದಕ್ಕೆ ಯಾರೂ ಅಷ್ಟು ಗಲಾಟೆ ಮಾಡಲಿಲ್ಲ!

ಹಳೇ ಗೇಮ್ ಮಾರಾಟದಿಂದ ತಮಗೆ ಬಿಡಿಗಾಸೂ ಬರುವುದಿಲ್ಲ ಅನ್ನುತ್ತಾರೆ ಕಂಪನಿಯವರು. ನಿಜ. ಆದರೆ ಹಳೇದು ಮಾರಿದ ದುಡ್ಡಲ್ಲಿ ಎಷ್ಟೋ ಮಕ್ಕಳು ಹೊಸ ಗೇಮ್ ಕೊಳ್ಳುತ್ತಾರೆ, ಅಲ್ವಾ? 4,000 ರೂಪಾಯಿಯ ಡಿಸ್ಕ್ ಆಡಿ ಮುಗಿಸಿ 2,500ಕ್ಕೆ ಮಾರಿದಿರಿ ಅಂತಿಟ್ಟುಕೊಳ್ಳಿ. ಖರ್ಚಾದದ್ದು 1,500. ಅದೇ ಗೇಮನ್ನು ಡೌನ್‌ಲೋಡ್ ಮಾಡಿ ಕೊಂಡರೆ ಪೂರ್ತಿ 4,000 ಹೋಯಿತು. ಅದು 3,000ಕ್ಕೆ ಸಿಕ್ಕಿದರೂ ಡಿಸ್ಕೇ ಅಗ್ಗ. ಈ ಲೆಕ್ಕ ಬಿಟ್ಟು ಬರೀ ಬೆಲೆ ಚೀಟಿ ನೋಡಿದರೆ ಮೋಸ ಹೋಗುತ್ತೇವೆ.

ಹಾಗಾಗಿ ಹಳೇ ಗೇಮ್ ಧಾರಾಳವಾಗಿ ಕೊಳ್ಳಿ. ಮುಖ್ಯ ಕಥೆ ಡಿಸ್ಕಿನಿಂದಲೇ ಆಡಲು ಸಿಗುತ್ತದಾ, ಆನ್‌ಲೈನ್ ಸರ್ವರ್ ಇನ್ನೂ ನಡೆಯುತ್ತಿದೆಯಾ ಅಂತ ಮೊದಲು ಕೇಳಿ. ‘ದಿ ಕ್ರೂ’ ಅನ್ನುವ ಕಾರ್ ರೇಸ್ ಗೇಮಿನ ಸರ್ವರ್ 2024ರ ಮಾರ್ಚ್‌ನಲ್ಲಿ ನಿಂತಿತು. ಡಿಸ್ಕ್ ಇದ್ದವರಿಗೂ ಆಟ ಇಲ್ಲ. ನಿಂಟೆಂಡೊ ಸ್ವಿಚ್ 2 ಅನ್ನುವ ಗೇಮ್ ಯಂತ್ರದ ‘ಗೇಮ್-ಕೀ ಕಾರ್ಡ್’ ಮರುಮಾರಾಟಕ್ಕೆ ಆಗುತ್ತದೆ, ಆದರೆ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು. ಡಬ್ಬಿಯಲ್ಲಿ ಬರೀ ಕೋಡ್ ಇದ್ದರೆ, ಆ ಕೋಡ್ ಬಳಸಿದ ಮೇಲೆ ಖಾಲಿ ಡಬ್ಬಿ ಅಷ್ಟೇ.

ಅಂಗಡಿಯಲ್ಲಿ ಕೊಂಡರೆ ಬಿಲ್ ಕೇಳಿ, ಕೋಡ್ ಬಳಸಿದೆಯಾ ಅಂತ ಅದರಲ್ಲೇ ಬರೆಸಿ. ಹೇಳಿದ್ದು ಒಂದು ಕೊಟ್ಟದ್ದು ಇನ್ನೊಂದು ಆದರೆ ಗ್ರಾಹಕ ಸಹಾಯವಾಣಿ 1915 ಇದೆ. ಗೇಮ್ ತುಂಬಿದ ಅಕೌಂಟನ್ನೇ ಪಾಸ್‌ವರ್ಡ್ ಸಮೇತ ಅಗ್ಗಕ್ಕೆ ಕೊಡುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಮೂಲ ಮಾಲೀಕ ಯಾವಾಗ ಬೇಕಾದರೂ ಅದನ್ನು ವಾಪಸ್ ಪಡೆಯಬಹುದು.